ಅಡುಗೆಮನೆಯಿಂದ ವೇದಿಕೆಗೆ ಬಂದ ಸ್ಪೀಕರ್

ಕಳೆದ ಕಾರ್ಯಕ್ರಮದಲ್ಲಿ ಶ್ರುತಿ ತಪ್ಪಿದ್ದಕ್ಕೆ ದರ್ಜಿ ಮಹಾಶಯರು ಕೊಟ್ಟ ಕಾರಣ ಒಂದೇ: "ವೇದಿಕೆ ಮೇಲೆ ನನ್ನ ದನಿ ನನಗೇ ಕೇಳಿಸಲ್ಲ." ದೊಡ್ಡ ಸ್ಪೀಕರುಗಳೆಲ್ಲ ಜನರ ಕಡೆ ಮುಖ ಮಾಡಿರುತ್ತವೆ, ಬೆನ್ನ ಹಿಂದೆ ಡ್ರಮ್ ಬಾರಿಸುವ ಭಾಮೈದ ಬೇರೆ. ಆ ಭಾಮೈದನೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ, "ಭಾವ, ಇದೊಂದು ಸಲ ನೋಡ್ತೀವಿ. ಮತ್ತೆ ತಪ್ಪಿದ್ರೆ ಬೇರೆಯವರನ್ನ ಹುಡುಕ್ತೀವಿ."

ಮನೆಯಲ್ಲಿ ಮಾತ್ರ ಅವರ ಗಾಯನ ಎಂದೂ ಹಳಿ ತಪ್ಪಿದ್ದಿಲ್ಲ. ಹೊಲಿಗೆ ಯಂತ್ರದ ಮುಂದೆ ಅವರು ಅಭ್ಯಾಸ ಮಾಡುವಾಗ ಅಡುಗೆಮನೆಯಿಂದ ಹೆಂಡತಿಯೂ ಅದೇ ಹಾಡನ್ನು ಗುನುಗುತ್ತಿದ್ದಳು. (ಅದನ್ನವರು ಮಿಕ್ಸಿಯ ಸದ್ದಿನ ಲೆಕ್ಕಕ್ಕೆ ಸೇರಿಸಿದ್ದರು.)

ಕೊನೆಗೊಂದು ಉಪಾಯ ಹೊಳೆಯಿತು. ಅಡುಗೆಮನೆಯ ಡಬ್ಬಿಗಳ ಪಕ್ಕ ಹೆಂಡತಿ ಇಟ್ಟುಕೊಂಡಿದ್ದ ಪುಟ್ಟ ಸ್ಪೀಕರಿನ ಹೊಟ್ಟೆಯೊಳಗೇ ಆಂಪ್ಲಿಫೈಯರ್ ಇತ್ತು. ಅದನ್ನು ಕಾಲ ಬಳಿ ತಮ್ಮ ಕಡೆಗೆ ತಿರುಗಿಸಿಟ್ಟುಕೊಂಡರೆ ತಮ್ಮ ದನಿ ತಮಗೇ ಕೇಳಿಸುವ ಮಾನಿಟರ್ ಸಿದ್ಧ.

"ಕೊಡ್ತೀನಿ. ಅದರ ಜೊತೆ ನಾನೂ ಬರ್ತೀನಿ," ಎಂದಳು ಹೆಂಡತಿ. "ಹೋದ ಸಲ ಕೊಟ್ಟ ಛತ್ರಿ ಇನ್ನೂ ಮನೆಗೆ ಬಂದಿಲ್ಲ."

ಭಾಮೈದ ವೈರುಗಳನ್ನೆಲ್ಲ ಸಿಕ್ಕಿಸಿದ. ಪರದೆಯ ಹಿಂದೆ ಕೂತಿದ್ದ ಅಕ್ಕನ ಕೈಗೊಂದು ಮೈಕು ಕೊಟ್ಟು "ಹಲೋ" ಎನ್ನಿಸಿ ಪರೀಕ್ಷೆ ಮುಗಿಸಿದವನು ಅದನ್ನು ವಾಪಸು ಇಸಿದುಕೊಳ್ಳಲು ಮರೆತ.

ಹಾಡು ಶುರುವಾಯಿತು. ಪುಟ್ಟ ಸ್ಪೀಕರಿನಿಂದ ಬಂದ ದನಿಗೆ ಮಹಾಶಯರೇ ಮರುಳಾದರು. ಸ್ವಲ್ಪ ತೆಳುವೆನಿಸಿತು, ಸಣ್ಣ ಸ್ಪೀಕರಲ್ಲವೇ, ಎಂದುಕೊಂಡರು. ಚರಣದ ನಡುವೆ ಉಸಿರು ತೆಗೆದುಕೊಳ್ಳಲು ನಿಂತರು. ದನಿ ನಿಲ್ಲಲಿಲ್ಲ. ಕಕ್ಕಾಬಿಕ್ಕಿಯಾಗಿ ಮೈಕನ್ನೊಮ್ಮೆ, ಸ್ಪೀಕರನ್ನೊಮ್ಮೆ ನೋಡಿದರು. ಕೆಮ್ಮಿದರು, ಕೆಮ್ಮು ಕೇಳಿಸಲಿಲ್ಲ. ಕೆಟ್ಟದ್ದನ್ನು ಸೋಸಿ ಒಳ್ಳೆಯದನ್ನಷ್ಟೇ ಬಿಡುವ ಯಂತ್ರವಿರಬೇಕು ಎಂದು ಸಮಾಧಾನ ಮಾಡಿಕೊಂಡು ಕೈಯೆತ್ತಿ ಹಾಡಿದರು. ಚಪ್ಪಾಳೆಯೋ ಚಪ್ಪಾಳೆ.

ಸಾಮಾನು ಕಟ್ಟುವಾಗ ಭಾಮೈದ ಡ್ರಮ್ಮಿನ ಅಡಿಯಿಂದ ವೈರಿನ ತುದಿಯೊಂದನ್ನು ಎಳೆದ. "ಭಾವ, ನಿಮ್ಮ ಮೈಕ್ ಯಾವುದಕ್ಕೂ ಸಿಕ್ಕಿಸೇ ಇರ್ಲಿಲ್ಲ."

"ಹಾಗಾದ್ರೆ ಹಾಡಿದ್ಯಾರು?"

ಹೆಂಡತಿ ಮೈಕು ಹಿಡಿದು ಪರದೆಯ ಹಿಂದಿನಿಂದ ಬಂದಳು. "ನೀವು ಮೊದಲ ಸಾಲಲ್ಲೇ ಜಾರಿದ್ರಿ. ಮನೇಲಿ ಶ್ರುತಿ ಹಿಡಿಯೋ ಹಾಗೆ ಇಲ್ಲೂ ಮೆಲ್ಲಗೆ ಹಿಡಿದೆ. ಮೈಕು ಇನ್ನೂ ಆನ್ ಇದೆ, ಎಲ್ಲರಿಗೂ ಕೇಳ್ಸತ್ತೆ ಅಂತ ನನಗೇನು ಗೊತ್ತು?"

ಮಹಾಶಯರಿಗೆ ನಾಚಿಕೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಅಷ್ಟರಲ್ಲಿ ಭಾಮೈದ, ಇನ್ನು ಮುಂದೆ ಹಾಡುವುದು ಅಕ್ಕನೇ ಎಂದು ಸಾರಿಯೂ ಆಗಿತ್ತು.

"ಮತ್ತೆ ನಾನೇನು ಮಾಡ್ಲಿ?" ಎಂದರು.

ಹೆಂಡತಿ ಸ್ಪೀಕರನ್ನು ಅವರ ಕೈಗಿಟ್ಟಳು. "ನಾನು ಅಭ್ಯಾಸ ಮಾಡುವಾಗ ನೀವು ಅಡುಗೆಮನೇಲಿ ಗುನುಗಿ. ಮಿಕ್ಸಿ ಮಾತ್ರ ಹಾಕ್ಕೊಂಡೇ ಇರಿ."