ಕಾಕಾನ ಕುತ್ತಿಗಿ ಎಡಕ್ಕ ಹೊಳ್ಳಿದ್ದು

ನಮ್ಮ ಬನಹಟ್ಟಿ ಕಾಕಾನಂಥ ಹಟಮಾರಿ ಮನುಷ್ಯಾ ಕೃಷ್ಣಾ ಹೊಳಿಯ ಈ ದಂಡಿಗೂ ಇಲ್ಲ, ಆ ದಂಡಿಗೂ ಇಲ್ಲ ನೋಡ್ರಿ. ಕಂಪ್ಯೂಟರ್ ಕೆಟ್ಟರ ಮಂದಿ ಕಂಪ್ಯೂಟರ್ ರಿಪೇರಿ ಮಾಡಸ್ತಾರ. ಇಂವ ತನ್ನ ಕುತ್ತಿಗಿ ಕೆಡಿಸಿಕೊಂಡ!

ಕಾಕಾ ಸೀರಿಗೆ ಡಿಸೈನ್ ಹಾಕಾಂವ. ಮೊದಲ ಗ್ರಾಫ್ ಹಾಳಿ ಮ್ಯಾಲೆ ಚೌಕ ಚೌಕ ಬಣ್ಣ ತುಂಬತಿದ್ದ, ಆಮ್ಯಾಲೆ ಕಂಪ್ಯೂಟರ್ ತಂದ. ಜಮಖಂಡ್ಯಾಗ ರಿಪೇರಿ ಅಂಗಡಿ ಇಟ್ಟಾಂವ ನಾನು. ಪುಕಸಟ್ಟೆ ಸಿಗತೈತಿ ಅಂತ ಅದಕ್ಕ ಲಿನಕ್ಸ್ ಅನ್ನೂ ಸಾಫ್ಟ್‌ವೇರ್ ಹಾಕಿಕೊಟ್ಟೆ. ಹಾಕಿಕೊಟ್ಟಾಂವನೂ ನಾನ, ಬೈಸಿಕೊಂಡಾಂವನೂ ನಾನ.

ಆ ವರ್ಷ ಚಿಗವ್ವಗ, ಅಂದ್ರ ಕಾಕಾನ ಹೆಂಡತಿಗೆ, ಲಕ್ವಾ ಹೊಡದು ಬಲಗೈ ಬಲಗಾಲು ಬಿದ್ದುವು. ಮಾತು ಬರತಿತ್ತು, ಆಡೂ ಮನಸ್ಸಿರಲಿಲ್ಲ. ಮಂಚದ ಮ್ಯಾಲೆ ಗ್ವಾಡಿಗೆ ಮಾರಿ ಮಾಡಿ ಮಲಗಿಬಿಡತಿದ್ಲು. ಹಿಂಗ ಬಿಟ್ರ ಜೀವಾನ ಬಿಟ್ಟಾಳು, ಏನರೆ ಕೆಲಸಕ್ಕ ಹಚ್ರಿ ಅಂತ ಡಾಕ್ಟರ್ ಹೇಳಿದ್ರಂತ. ಮರುದಿನಾನ ಕಾಕಾ ಇನ್ನೊಂದು ಮಾನಿಟರ್ ತಂದು, ಅದ ಕಂಪ್ಯೂಟರಿಗೆ ಜೋಡಿಸಿ, ತನ್ನ ಎಡಕ್ಕಿದ್ದ ಆಕಿ ಮಂಚದ ಬಾಜೂಕ ಇಟ್ಟ. ಸೀರಿ ನೋಡಿ ಹೇಳೂದು ಆಕಿ ಕೆಲಸ.

ಕಾಕಾ ತನ್ನ ಪರದೆ ಮ್ಯಾಲೆ ಒಂದು ಹೂವು, ಒಂದು ಬಳ್ಳಿ ಬಿಡಸ್ತಿದ್ದ. ಬಟನ್ ಒತ್ತಿದ್ರ ಕಂಪ್ಯೂಟರ್ ಅದನ್ನ ಅಂಚು, ಸೆರಗು, ಒಡಲಿಗೆಲ್ಲಾ ಹರವಿ ಇಡೀ ಸೀರಿ ಬ್ಯಾರೆ ವಿಂಡೋದಾಗ ತೋರಸ್ತಿತ್ತು. ಆ ವಿಂಡೋ ಎಲ್ಲಿ ತೆರೀಬೇಕು? ಬಟನ್ ಒತ್ತಿದಾಂವನ ಮುಂದ ಹೌದಲ್ರಿ? ಇದು ದಿನಾ ಚಿಗವ್ವನ ಪರದೆಗೆ ಹೋಗಿ ಕುಂದರತಿತ್ತು!

ಮೊದಲನೇ ದಿನ ಕಾಕಾ ಫೋನ್ ಮಾಡಿ ಸೀರಿ ಕಳುವಾಗೇತಿ ಅಂದ. ಮಗ್ಗದ ಖೋಲಿಗೆ ಕಳ್ಳರು ಹೊಕ್ಕಾರಂತ ತಿಳಕೊಂಡು ಬೈಕ್ ಹೊಡಕೊಂಡು ಬಂದ್ರ, ಸೀರಿ ಚಿಗವ್ವನ ಮುಂದ ಝಗಝಗ ಹೊಳ್ಯಾಕತ್ತಿತ್ತು. ಮೌಸ್‌ಲೆ ಜಗ್ಗಿ ಈ ಕಡೆ ತರೂದು ಹೇಳಿಕೊಟ್ಟೆ. ಕಲತ. ಆದ್ರ ಜಗ್ಗಬೇಕಲ್ಲ? ಕುಂತಲ್ಲೇ ಕುತ್ತಿಗಿ ಎಡಕ್ಕ ಹೊಳ್ಳಿಸಿ ಹೊಳ್ಳಿಸಿ ನೋಡಿ, ತಿಂಗಳೊಪ್ಪತ್ತಿನಾಗ ಅದು ಅಲ್ಲೇ ನಿಂತಿತು. ಬಜಾರದಾಗ ಬಲಕ್ಕ ನಿಂತಾವರ ಜೋಡಿ ಮಾತಾಡಬೇಕಂದ್ರ ಇಡೀ ಮೈ ತಿರುಗಸ್ತಿದ್ದ. ಕೂದಲಾ ಕಟಿಂಗ್ ಮಾಡಾಂವ ಸೋತು ತಾನ ಕುರ್ಚಿಗೆ ಸುತ್ತು ಹಾಕಿದ!

ದುರಸ್ತಿ ಮಾಡ್ತೇನಿ ಅಂದ್ರ ಇವತ್ತ ಅಮಾಸಿ, ಬ್ಯಾಡ ಅಂತಿದ್ದ. ತಿಂಗಳಿಗೆ ಮೂರು ಅಮಾಸಿ ಬರತಿದ್ದುವು ಆ ಮನ್ಯಾಗ.

ನನಗೂ ಕಸುಬಿನ ಅಭಿಮಾನ ಇರಬೇಕಲ್ರಿ? ಒಂದಿನ ಕಾಕಾ ನೂಲು ತರಾಕ ಹೋದಾಗ ಸೆಟ್ಟಿಂಗ್ ತಿದ್ದಿಬಿಟ್ಟೆ. ಬಂದು ಬಟನ್ ಒತ್ತಿದ. ಸೀರಿ ಅವನ ಮುಂದ ತೆರೀತು. ಶಹಬ್ಬಾಸ್ ಅಂತಾನಂತ ನಾ ಎದಿ ಉಬ್ಬಿಸಿ ನಿಂತೆ.

ಚಿಗವ್ವ ತನ್ನ ಖಾಲಿ ಪರದೆ ಸ್ವಲ್ಪ ಹೊತ್ತು ನೋಡಿ ಗ್ವಾಡಿ ಕಡೆ ಹೊಳ್ಳಿದ್ಲು. ಕಾಕಾ ಗಡಬಡಿಸಿ ಮೌಸ್ ಹಿಡದು ಸೀರಿ ಆಕಿ ಕಡೆ ಜಗ್ಗಿದ.

"ನೀವು ನೋಡಿದ್ರಲ್ಲ, ಆತು ಬಿಡ್ರಿ" ಅಂದ್ಲು. ಹೊಳ್ಳಿ ನೋಡಲಿಲ್ಲ.

ಕಾಕಾ ನನ್ನ ರಟ್ಟಿ ಹಿಡದು ಹೊರಗ ಕಟ್ಟಿಗೆ ಕರಕೊಂಡು ಬಂದ. ಬೈತಾನಂತ ತಿಳಕೊಂಡಿದ್ದೆ, ಒಳಗ ಆಕಿಗೆ ಕೇಳಬಾರದಂತ ಸಣ್ಣ ದನೀಲೆ ಅಂದ.

"ಮಗ್ಗದಿಂದ ಇಳದ ಸೀರಿ ಮೂವತ್ತು ವರ್ಷ ಆಕೀನ ಮೊದಲ ಬಿಚ್ಚಿ ನೋಡ್ಯಾಳಲೇ. ನಾ ನೋಡಿ ಆದಮ್ಯಾಲೆ ತೋರಿಸಿದ್ರ, ಜಡ್ಡಿನಾಕಿ ಅಂತ ಕನಿಕರ ಮಾಡಿದಂಗ. ಅದು ತಾನ ಆಕಿ ಕಡೆ ಹೋಗತಿತ್ತು. ಮೊದಲ ಹೆಂಗ ಕೆಟ್ಟಿತ್ತೋ ಹಂಗ ಕೆಡಿಸಿ ಕೊಡು."

ಒಳಗ ಹೋಗಿ ಕುಂತೆ. ಛಲೋ ಇದ್ದದ್ದನ್ನ ಕೆಡಿಸೂದು ದುರಸ್ತಿಗಿಂತ ತ್ರಾಸರಿ, ಎರಡು ತಾಸು ಹಿಡೀತು.

ಕಾಕಾ ಬಟನ್ ಒತ್ತಿ, ಸೀರಿ ಎಲ್ಲಿ ಹೋತೋ ಏನೋ ಅಂತ ತನಗ ತಾನ ಗೊಣಗಿಕೋತ ಕುಂತ. ಭಾಳ ಹೊತ್ತಿನ ಮ್ಯಾಲೆ ಚಿಗವ್ವ ಮೆಲ್ಲಗ ಈ ಕಡೆ ಹೊಳ್ಳಿದ್ಲು. ಅಂಚಿನಿಂದ ಸೆರಗಿನ ತನಕ ಕಣ್ಣಾಡಿಸಿದ್ಲು.

"ಅಂಚು ಸಣ್ಣದಾಗೇತ್ರಿ. ಮತ್ತ ಮಾಡ್ರಿ" ಅಂದ್ಲು.

ಮೂರು ದಿನದ ಕೆಲಸ ಅದು. ಕಾಕಾ ಹೂಂ ಅಂದು ಎಲ್ಲಾ ಅಳಿಸಿದ. ಮಾಡಿದ ಕೆಲಸಾ ಅಳಿಸಿ ಅಷ್ಟು ಖುಷಿಪಟ್ಟಾಂವನ್ನ ನಾ ಮತ್ತ ನೋಡಿಲ್ಲ.