ಒಂದನೇ ದರ್ಜೆಯ ಗಾಳಿ

ತಿಳಿದದ್ದನ್ನು ತಿಳಿದಷ್ಟಕ್ಕೇ ಬಿಡುವ ಗುಣ ನನಗಿಲ್ಲ. ಬೈಲಹೊಂಗಲದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು ನಾನು. ಬೆಳಿಗ್ಗೆ ತರಗತಿಯಲ್ಲಿ ಹೇಳಿದ್ದನ್ನು ಸಂಜೆ ಮನೆಯಲ್ಲಿ ಇನ್ನೊಮ್ಮೆ ಹೇಳದಿದ್ದರೆ ಊಟ ಸೇರುವುದಿಲ್ಲ. ಹೆಂಡತಿ ಗಿರಿಜಾ ಹೀಗೆ ರೊಟ್ಟಿ ಬಡಿಯುತ್ತಲೇ ಜ್ವಾಲಾಮುಖಿ, ಹಿಮನದಿಗಳನ್ನೆಲ್ಲ ದಾಟಿದ್ದಾಳೆ. ತೊಂಬತ್ತರ ದಶಕದ ಒಂದು ವರ್ಷ ಹರಿಕೇನ್ ಎಂಬ ಚಂಡಮಾರುತಗಳ ಸರದಿ ಬಂತು. ಅಮೆರಿಕದ ಕಡೆ ಅವನ್ನು ಗಾಳಿಯ ವೇಗ ನೋಡಿ ಐದು ದರ್ಜೆ ಮಾಡುತ್ತಾರೆ. ಗಂಟೆಗೆ ನೂರಾ ಹತ್ತೊಂಬತ್ತು ಕಿಲೋಮೀಟರ್ ಮುಟ್ಟಿದರೆ ಒಂದನೇ ದರ್ಜೆ, ಅದು ಎಲ್ಲಕ್ಕಿಂತ ಸಣ್ಣದು. ಇನ್ನೂರೈವತ್ತೆರಡು ಮುಟ್ಟಿದರೆ ಐದನೆಯದು, ಅದರ ಮುಂದೆ ಊರೇ ನಿಲ್ಲುವುದಿಲ್ಲ.

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಚಹಾ ತಂದಿದ್ದ ಜವಾನ ದಸ್ತಗೀರಸಾಬ ಒಪ್ಪಲಿಲ್ಲ. "ಒಂದನೇ ದರ್ಜೆ ಅಂದ್ರ ದೊಡ್ಡ ಸಾಹೇಬ್ರಲ್ಲರಿ ಸರ? ನಾ ನಾಲ್ಕನೇ ದರ್ಜೆ ನೌಕರ. ನಿಮ್ಮ ಲೆಕ್ಕದಾಗ ಮನಿ ಛತ್ತ ಕಿತ್ತ ಒಗ್ಯಾಂವ ನಾನ ಆದ್ನಲ್ಲ" ಎಂದ. ಮರುದಿನದಿಂದ ಅವನು ಗಂಟೆಯನ್ನು ಸ್ವಲ್ಪ ಜೋರಾಗಿಯೇ ಹೊಡೆಯತೊಡಗಿದ. ಮನೆಯಲ್ಲಿ ಗಿರಿಜಾ ಮಾತ್ರ ವಾದ ಮಾಡದೆ ಎಲ್ಲವನ್ನೂ ಕೇಳಿಕೊಂಡಳು.

ಯುಗಾದಿ ಕಳೆದ ಮೇಲೆ ಅವಳು ಶಾವಿಗೆ ಮಾಡಲು ಕುಳಿತಳು. ಮಗಳು ಸುಮಾಳನ್ನು ರಾಮದುರ್ಗಕ್ಕೆ ಕೊಟ್ಟು ಅದು ಮೊದಲ ವರ್ಷ. ಭಾನುವಾರ ಬೀಗತಿ ಬರುವವರಿದ್ದರು. ಹೋಗುವಾಗ ಅವರ ಕೈಗೆ ಒಂದು ಡಬ್ಬಿ ಶಾವಿಗೆ ಕೊಡದಿದ್ದರೆ ಮಗಳು ಅಲ್ಲಿ ತಲೆ ಎತ್ತುವ ಹಾಗಿರಲಿಲ್ಲ. ಮೂರು ದಿನ ಹೊಸೆದ ಎಳೆಗಳು ಮಾಳಿಗೆಯ ಮೇಲೆ ಕೋಲುಗಳಲ್ಲಿ ಜೋತುಬಿದ್ದಿದ್ದವು. ಶನಿವಾರ ಮಧ್ಯಾಹ್ನ ಸವದತ್ತಿಯ ಕಡೆ ಆಕಾಶ ಕಪ್ಪಾಗಿ ಧೂಳು ಎದ್ದಿತು. "ತಗದ ಬಿಡ್ಲೇನ್ರಿ?" ಎಂದು ಗಿರಿಜಾ ಮೆಟ್ಟಿಲ ಹತ್ತಿರ ನಿಂತು ಕೇಳಿದಳು. ಹಸಿ ಇದ್ದಾಗಲೇ ತೆಗೆದರೆ ಮುದ್ದೆಯಾದೀತೆಂಬ ಚಿಂತೆ ಅವಳಿಗೆ. ನಾನು ಪೇಪರಿನಿಂದ ತಲೆ ಎತ್ತದೆ, "ಬ್ಯಾಡ. ಇದು ಒಂದನೇ ದರ್ಜೆನೂ ಮುಟ್ಟೂದಿಲ್ಲ" ಎಂದೆ. ಮಾಸ್ತರನ ಮಾತೆಂದು ನಂಬಿದಳು.

ನನ್ನ ಮಾತು ಸುಳ್ಳಾಗಲಿಲ್ಲ. ಗಾಳಿ ಅರವತ್ತು ಕಿಲೋಮೀಟರ್ ಕೂಡ ದಾಟಿರಲಿಕ್ಕಿಲ್ಲ. ಆದರೆ ಆ ದರ್ಜೆ ಕಟ್ಟಿದವರು ಮನೆ, ಮರ ನೋಡಿ ಕಟ್ಟಿದವರು, ಶಾವಿಗೆ ನೋಡಿದವರಲ್ಲ. ಅರ್ಧ ಶಾವಿಗೆ ಪಕ್ಕದವರ ಬೇವಿನ ಮರಕ್ಕೆ ಹೋಯಿತು, ಉಳಿದರ್ಧ ಓಣಿಯ ಟಿ.ವಿ. ಆಂಟೆನಾಗಳಿಗೆ. ಗಿರಿಜಾ ಖಾಲಿ ಕೋಲುಗಳನ್ನು ಒಂದೊಂದಾಗಿ ಎತ್ತಿಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಗಾಳಿಯ ಹಿಂದೆಯೇ ಬಂದ ಮಳೆ ನಿಂತದ್ದೇ ಸೈಕಲ್ ಹತ್ತಿ ಸಂಪಗಾಂವಿಗೆ ಹೋಗಿ, ಅವಳ ಅಕ್ಕನನ್ನು ಕಾಡಿಬೇಡಿ ಒಂದು ಡಬ್ಬಿ ತಂದೆ.

ಭಾನುವಾರ ಬೀಗತಿ ಬಸಿದ ಶಾವಿಗೆಗೆ ಹಾಲು, ಬೆಲ್ಲ ಹಾಕಿಕೊಂಡು ಉಂಡು, ಎಳೆ ಎಷ್ಟು ಸಣ್ಣಗಿದೆಯೆಂದು ಹೊಗಳಿದರು. ಮಾತಿಗೆ ಮಾತು ಬಂದು, ಬೀಗರು ಸಾಲಿಯಲ್ಲಿ ಭಾಳ ಚಲೋ ಕಲಿಸುತ್ತಾರಂತೆ ಹೌದೇ ಎಂದು ನನ್ನ ವಿಚಾರವನ್ನೂ ತೆಗೆದರು. ಗಿರಿಜಾ ನನ್ನ ಕಡೆ ನೋಡದೆ ಅವರ ತಾಟಿಗೆ ಇನ್ನಷ್ಟು ಬಡಿಸುತ್ತ, "ಹೌದರಿ. ನಮ್ಮವರು ಒಂದನೇ ದರ್ಜೆ ಮಾಸ್ತರ್ರು" ಎಂದಳು. ಬೀಗತಿ ಸಂತೋಷದಿಂದ ತಲೆಯಾಡಿಸಿದರು. ಅದು ಯಾವ ಲೆಕ್ಕದ ಒಂದನೆಯದು ಎಂದು ಆ ಮನೆಯಲ್ಲಿ ಇಬ್ಬರಿಗೇ ಗೊತ್ತಿತ್ತು. ಅವಳಿಗೆ ಆ ಲೆಕ್ಕ ಕಲಿಸಿದವನು ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದ.