ದುಂಡುಹುಳುವಿನ ಸಂಸಾರ

ಮಗಳು ಓದುತ್ತಿದ್ದಾಳೆ ಎಂದು ಹೇಳಿಕೊಳ್ಳುವುದು ಎಷ್ಟು ಸುಖವೋ, ಏನು ಓದುತ್ತಿದ್ದಾಳೆ ಎಂದು ಬಿಡಿಸಿ ಹೇಳುವುದು ಅಷ್ಟೇ ಕಷ್ಟ. ಹುಣಸೂರಿನಲ್ಲಿ ನಮ್ಮ ಪಕ್ಕದ ಮನೆಯವರಿಗೆ ಈ ತಾಪತ್ರಯವಿಲ್ಲ. ಅವರ ಮಗಳು ನರ್ಸು. ಒಂದೇ ಮಾತಿನಲ್ಲಿ ಮುಗಿಯಿತು. ನನ್ನ ಮಗಳು ಚೈತ್ರ ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿರುವುದು ದುಂಡುಹುಳುಗಳ ಮೇಲೆ. ದಾರದ ಚೂರಿನಂಥ, ಕಣ್ಣು ಕಿರಿದು ಮಾಡಿದರೂ ಸರಿಯಾಗಿ ಕಾಣದ ಹುಳು. ಹೋಗಲಿ, ಅದರ ಹೊಟ್ಟೆಪಾಡಿನ ಬಗ್ಗೆ ಓದಿದ್ದರೂ ಮರ್ಯಾದೆಯಾಗಿ ಹೇಳಿಕೊಳ್ಳಬಹುದಿತ್ತು. ಇವಳು ಓದುತ್ತಿರುವುದು ಆ ಹುಳುಗಳ ಗಂಡು-ಹೆಣ್ಣಿನ ಜಗಳವನ್ನು. ಗಂಡು ಒಂದು ಉಪಾಯ ಹೂಡುತ್ತದಂತೆ, ತಪ್ಪಿಸಿಕೊಳ್ಳಲು ಹೆಣ್ಣು ಇನ್ನೊಂದು ಕಲಿಯುತ್ತದಂತೆ, ಲಕ್ಷಾಂತರ ವರ್ಷಗಳಿಂದ ಹೀಗೇ ನಡೆದಿದೆಯಂತೆ. ಹೆಂಡತಿಯೊಂದಿಗೆ ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಇದರಲ್ಲಿ ಹೊಸದಾಗಿ ಕಂಡುಹಿಡಿಯುವುದೇನಿದೆಯೋ ತಿಳಿಯಲಿಲ್ಲ.

ಈಚೆಗೆ ಕಂಪಲಾಪುರದಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬಂದರು. ಹೊಗೆಸೊಪ್ಪು, ಶುಂಠಿ ಬೆಳೆಯುವ ಅನುಕೂಲಸ್ಥರು, ಹುಡುಗ ಎಚ್.ಡಿ. ಕೋಟೆಯಲ್ಲಿ ಮೇಷ್ಟ್ರು. ನನಗೆ ಸಂಬಂಧ ಬಹಳ ಹಿಡಿಸಿತ್ತು, ಎಲ್ಲಿ ತಪ್ಪಿಹೋಗುತ್ತದೋ ಎಂಬ ಭಯ. ಓದು ಮುಗಿಸಲು ಬಿಡುವವರಾದರೆ ಮಾತ್ರ ಮದುವೆ ಎಂಬುದು ಚೈತ್ರಳ ಹಟ. "ಯಾರಾದ್ರೂ ಕೇಳಿದ್ರೆ ಮಣ್ಣು ಪರೀಕ್ಷೆ ಅಂದ್ಬಿಡು ಕಣಮ್ಮ, ಹುಳದ ಸಂಸಾರ ಎತ್ತಬೇಡ" ಎಂದು ಬೇಡಿಕೊಂಡಿದ್ದೆ.

ಕೇಸರಿಬಾತು ಮುಗಿಸಿ, ಕೈ ಒರೆಸಿಕೊಂಡು, ಹುಡುಗನ ಅಜ್ಜಿ ಕೇಳಿಯೇಬಿಟ್ಟರು: "ಅದೇನವ್ವ ನೀನು ಓದ್ತಿರಾದು?"

ಚೈತ್ರ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಹುಳಗಳ ಬಗ್ಗೆ ಅಜ್ಜಿ. ಗಂಡುಗಳು ಒಂದಕ್ಕೊಂದು ಪೈಪೋಟಿ ಮಾಡ್ತವೆ. ಕೂಡಿದ ಮೇಲೆ ಕೆಲವು ಹೆಣ್ಣಿಗೆ ಅಂಟಿನಂಥ ಬಿರಡೆ ಹಾಕಿ ಹೋಗ್ತವೆ, ಬೇರೆ ಗಂಡು ಬರಬಾರದು ಅಂತ."

ನಾನು ಕಾಫಿ ಲೋಟದಲ್ಲಿ ಮುಖ ಮುಚ್ಚಿಕೊಂಡೆ. ಕೆ.ಆರ್. ನಗರದ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ಕಂಡಿದ್ದೇನೆ. ಹೆಣ್ಣು ನೋಡುವ ದಿನ ಅವರೆಲ್ಲ ನೆನಪಾಗುತ್ತಾರೆ ಎಂದುಕೊಂಡಿರಲಿಲ್ಲ. ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಗಂಡುಗಳ ಜೊತೆ ಇದ್ರೆ ಹೆಣ್ಣಿನ ಆಯಸ್ಸೇ ಕಮ್ಮಿ ಆಗುತ್ತೆ ಅಜ್ಜಿ. ಮುಟ್ಟೋದೂ ಬೇಡ, ಅವು ಓಡಾಡಿದ ಜಾಗದಲ್ಲಿದ್ರೂ ಸಾಕು."

ಸಂಬಂಧ ಕೈತಪ್ಪಿತು ಎಂದುಕೊಂಡೆ. ಅಜ್ಜಿ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಇದ ಕಂಡಿಡಿಯಕ್ಕೆ ಮೈಸೂರ್ಗಂಟ ಓಗ್ಬೇಕಿತ್ತಾ ಮಗ? ನಮ್ಮಟ್ಟಿಗೆ ಬಂದಿದ್ರೆ ನಾನೇ ಯೇಳ್ತಿದ್ದೆ. ನಮ್ಮೆಜಮಾನ್ರು ತೀರ್ಕೊಂಡ್ಮೇಲೇ ಕಣವ್ವ ನಂಗೆ ಸಕ್ಕರೆ ಕಾಯ್ಲೆ ಅತೋಟಿಗೆ ಬಂದಿದ್ದು."

ಎಲ್ಲರೂ ಹುಡುಗನ ಮುಖ ನೋಡಿದರು. ಅವನು ಗಂಟಲು ಸರಿಮಾಡಿಕೊಂಡು ಚೈತ್ರಳಿಗೆ ಹೇಳಿದ: "ನಾನು ವಾರವೆಲ್ಲಾ ಕೋಟೆಲೇ ಇರ್ತೀನಿ, ಬರೋದು ಭಾನುವಾರ ಮಾತ್ರ. ನಿಮ್ಮ ಆಯಸ್ಸಿಗೆ ಅಂಥಾ ತೊಂದ್ರೆ ಆಗಲ್ಲ. ಓದು ಮುಗಿಸಿ." ಚೈತ್ರ ಬಾಯ್ತುಂಬ ನಕ್ಕಳು. ಆ ನಗು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. ಅಲ್ಲಿಗೆ ಮಾತು ಮುಗಿದ ಹಾಗೆಯೇ.

ಮುಗಿಯದಿದ್ದದ್ದು ನನ್ನದು. ನೆಂಟರನ್ನು ಕಾರು ಹತ್ತಿಸಿ ಒಳಗೆ ಬಂದರೆ, ಅಷ್ಟು ಹೊತ್ತೂ ತಟ್ಟೆ ಎತ್ತುತ್ತಿದ್ದ ನನ್ನ ಹೆಂಡತಿ, "ಕೇಳಿಸ್ಕೊಂಡ್ರಲ್ಲ? ಓಡಾಡಿದ ಜಾಗದಲ್ಲಿದ್ರೂ ಸಾಕಂತೆ. ಸಂಜೆ ಹೊತ್ತು ಒಂದಿಷ್ಟು ಹೊರಗಿದ್ದು ಬನ್ನಿ" ಎಂದಳು. ತಮಾಷೆ ಎಂದುಕೊಂಡೆ. ಈಗ ಒಂದು ವಾರದಿಂದ ದಿನಾ ಸಂಜೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೂತು, ಹೋಗುವ ಬರುವ ಬಸ್ಸು ನೋಡುತ್ತೇನೆ. ಸಂಕಟವೆಂದರೆ, ಅವಳ ಮಂಡಿನೋವು ನಿಜವಾಗಿಯೂ ಕಡಿಮೆಯಾಗಿದೆ. ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಾಳೆ ಕೂಡ. ತಡೆಯಲಾರದೆ ಮಗಳಿಗೆ ಫೋನು ಮಾಡಿ ದುಃಖ ತೋಡಿಕೊಂಡೆ. ಹುಳ ಬೇರೆ, ಮನುಷ್ಯ ಬೇರೆ ಎಂದು ಹೇಳಿ ನನ್ನನ್ನು ಮನೆಗೆ ಕಳಿಸುತ್ತಾಳೆಂಬ ಆಸೆ. ಅವಳು ಗಮನವಿಟ್ಟು ಕೇಳಿದಳು. "ಒಂದು ವಾರದಲ್ಲಿ ಏನೂ ಹೇಳಕ್ಕಾಗಲ್ಲಪ್ಪ," ಎಂದಳು, "ಇನ್ನೆರಡು ತಿಂಗಳು ಹೊರಗೇ ಇದ್ದು ನೋಡು."